ರೊಟ್ಟಿ ಬಡಿಯಬಾರದ ಹೊತ್ತು

ನಮ್ಮಣ್ಣನ ಲ್ಯಾಪ್‌ಟಾಪ್‌ಗಿಂತ ನಿಧಾನವಾದದ್ದು ಇಂಡಿ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಅಣ್ಣನ ಸಂಶಯಕ್ಕಿಂತ ವೇಗವಾದದ್ದೂ ಇಲ್ಲ! ನಿವೃತ್ತ ಗಣಿತದ ಮಾಸ್ತರ. ಮೂಲೆಗೆ ಬಿದ್ದಿದ್ದ ಯಂತ್ರಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಮುದ್ದೇಬಿಹಾಳದ ಅಕ್ಕನ ಮನೆಯವರೆಗೆ ವಿಪಿಎನ್ ಮಾಡಿದ. ವಿಪಿಎನ್ ಎಂದರೆ ಬೀಗ ಹಾಕಿದ ದಾರಿಯಂತೆ. ನಡುವೆ ಯಾರೂ ಇಣುಕುವಂತಿಲ್ಲ.

ಇಷ್ಟೆಲ್ಲ ಯಾಕೆ? ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ಧ್ವನಿ ಇಲ್ಲ. ಕೈಸನ್ನೆಯೇ ಮಾತು, ಅದಕ್ಕೇ ದಿನಾ ಸಂಜೆ ವಿಡಿಯೋ ಕರೆ. ಕೊರಳ ಮೇಲಿನ ಸೆರಗು ಸರಿಸಿ ಕೂಡುವುದು ಮನೆಯವರ ಮುಂದೆ ಮಾತ್ರ. ಆಪರೇಷನ್ನಿನ ಕಲೆ ಪರರ ಕಣ್ಣಿಗೆ ಬೀಳಬಾರದೆಂದು ಅವಳ ಹಟ. ಆದರೆ ಬೀಗ ಹಾಕಿ ತೆಗೆಯುವುದರಲ್ಲೇ ಮುದಿ ಯಂತ್ರಕ್ಕೆ ಉಸಿರು ಕಟ್ಟಿ, ಚಿತ್ರ ನಿಂತುಬಿಡುತ್ತಿತ್ತು. ಅಕ್ಕನ ಕೈ ಗಾಳಿಯಲ್ಲೇ, ಮಾತು ಅರ್ಧಕ್ಕೇ!

ಅಣ್ಣ ಪರೀಕ್ಷೆಗೆ ಇಳಿದ. ಬೀಗವಿಲ್ಲದೆ ಮೂರು ಸಲ, ಬೀಗ ಹಾಕಿ ಮೂರು ಸಲ ವೇಗ ಅಳೆದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ. ಯಂತ್ರಕ್ಕೆ ತಂಪಿರಲೆಂದು ನೀರಿನ ಹರವಿಯ ಪಕ್ಕ ಕೂಡ್ರಿಸಿದ. ಹಗುರವಾದ ಬೇರೆ ಬಗೆಯ ಬೀಗ ಹಾಕಿದ. ಮುಂಜಾನೆ ಒಂಬತ್ತು ಎಂಬಿ ಬಂದ ವೇಗ, ಅಕ್ಕ ಬಂದು ಕೂಡುವ ಸಂಜೆಗೆ ಮೂರು! ಸಂಜೆ ನಮ್ಮ ಮನೆಯಲ್ಲಿ ಹೊಸದಾಗಿ ಆಗುವುದೇನು?

“ರೊಟ್ಟಿ ಬಡಿಯೋದು ನಿಲ್ಲಸ! ಟೇಬಲ್ ಅಲಗ್ಯಾಡಿ ನನ್ನ ವೇಗ ಇಳ್ಯಾಕತ್ತೈತಿ!” ಎಂದು ಅಣ್ಣ ಅಡುಗೆಮನೆಯತ್ತ ಕೂಗಿದ.

“ನಿಮ್ಮ ವೇಗ ಮದವಿ ಆದಾಗಿಂದ ನೋಡೇನಿ, ಸುಮ್ನ ಕೂಡ್ರಿ!” ಎಂದರು ಅವನ ಹೆಂಡತಿ, ನಮ್ಮ ವೈನಿ.

ಮರುದಿನ ಫ್ರಿಜ್ ಬಂದ್, ಮಿಕ್ಸರ್ ಬಂದ್. ವೇಗ ಮಾತ್ರ ಮೂರೇ.

“ಸೋಮವಾರದ ತನಕ ನೋಡತೇನಿ. ಆಗಲಿಲ್ಲಂದ್ರ ಇದನ್ನ ಗುಜರಿಗೆ ಹಾಕಿ ಅಕ್ಕಗ ಪತ್ರಾನ ಬರೀತೇನಿ,” ಎಂದ ಅಣ್ಣ.

ಫ್ರಿಜ್ಜನ್ನೂ ಬಿಡದ ಅವನ ಸಂಶಯ ಮೇಲಿನ ಕೋಣೆಗೆ ಮಾತ್ರ ಹತ್ತಲಿಲ್ಲ. ಅಲ್ಲಿ ನಾನಿದ್ದೆ. ಅದೇ ಹೊತ್ತಿಗೆ, ಅದೇ ವೈಫೈಯಲ್ಲಿ, ಫೋನಿನಲ್ಲಿ ಸಿನಿಮಾ ನೋಡುತ್ತ!

ತಿಳಿಯದೆ ಮಾಡಿದೆನೆ? ಮೊದಲ ವಾರ ಹೌದು. ಆಮೇಲೆ ಗೊತ್ತಿದ್ದೇ ಮಾಡಿದೆ. ಚಿತ್ರ ನಿಂತರೆ ಅಣ್ಣ ನನ್ನನ್ನು ಕೆಳಗೆ ಕರೆಯುತ್ತಿರಲಿಲ್ಲ. ಧ್ವನಿಯಿಲ್ಲದ ಅಕ್ಕನೆದುರು ಕೂಡಲು ನನಗೆ ಅಂಜಿಕೆ. ಬೈದು ಬೈದು ನನ್ನನ್ನು ಹೈಸ್ಕೂಲು ದಾಟಿಸಿದ ಧ್ವನಿ ಅದು.

ಸೋಮವಾರ ವೈನಿ ಬೇಸತ್ತು ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದರು; ಯಂತ್ರ ಗುಜರಿಗೆ ಹೋದರೆ ಅಕ್ಕನ ಮಾತೇ ನಿಂತೀತೆಂದು ನಾನೂ ಫೋನ್ ಆರಿಸಿ ಕೆಳಗಿಳಿದೆ. ಚಿತ್ರ ಎಲ್ಲೂ ತಡೆಯದೆ ಓಡುತ್ತಿತ್ತು.

“ನೋಡ್ದೇನ? ರೊಟ್ಟಿ ಬಂದ್ ಮಾಡಿದ್ದಕ್ಕ!” ಎಂದು ಅಣ್ಣ ವೈನಿಯ ಮುಂದೆ ಎದೆಯುಬ್ಬಿಸಿದ. ನಾನು ಬಾಯಿ ಬಿಡಲಿಲ್ಲ. ಇಂದು ಇಲ್ಲಿ ಬಿಡುತ್ತಿದ್ದೇನೆ.

ಪರದೆಯ ಮೇಲೆ ಅಕ್ಕ ತನ್ನ ಕಿವಿ ಹಿಡಿದು ಜಗ್ಗಿ ತೋರಿಸಿದಳು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡುತ್ತಿದ್ದಳಲ್ಲ, ಹಾಗೆಯೇ.

“ದಿನಾ ಅಕ್ಕ ಹಿಂಗ ಕೈ ಮ್ಯಾಲ ಎತ್ತೂದ್ರಾಗ ಚಿತ್ರ ನಿಲ್ಲತಿತ್ತು,” ಎಂದ ಅಣ್ಣ. “ನಿನ್ನನ್ನ ಕೇಳತಿದ್ದಳ ನೋಡು.”

ನಾನು ಬಗ್ಗಿ, ನನ್ನ ಕಿವಿಯನ್ನು ಪರದೆಗೆ ಒಡ್ಡಿದೆ.