ಕ್ಯಾಪ್ಟನ್ ನುಂಗಿದ ಉಂಗುರ

ಇಪ್ಪತ್ತೊಂದು ವರ್ಷದಿಂದ ಸಾವಿರಾರು ಮಕ್ಕಳನ್ನು ಒಂದೇ ಸೀಟಿ ಊದಿ ಸಾಲಾಗಿ ನಿಲ್ಲಿಸಿದವರಿಗೆ ಒಂದು ನಾಯಿಮರಿ ಯಾವ ಲೆಕ್ಕ? ಶಿಕಾರಿಪುರದ ಹೈಸ್ಕೂಲೊಂದರ ಪಿ.ಟಿ. ಮೇಷ್ಟ್ರು ಮಹಾಂತೇಶ, ಸೊರಬದಿಂದ ಲ್ಯಾಬ್ರಡಾರ್ ಮರಿ ತರುವ ಹಿಂದಿನ ದಿನ ಊಟದ ತಟ್ಟೆಯ ಮುಂದೆ ಕೂತು ಹೆಂಡತಿಯನ್ನು ಕೇಳಿದ ಪ್ರಶ್ನೆ ಇದು. ಮೂರು ತಿಂಗಳಲ್ಲಿ ಅದು ಕೂರು ಎಂದರೆ ಕೂರುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ, ಬೆಳಗ್ಗೆ ಗೇಟಿನಿಂದ ಪೇಪರ್ ತಂದು ಕೈಗೆ ಕೊಡುತ್ತದೆ ಎಂದೂ ಘೋಷಿಸಿದರು. ಎಂಟನೇ ಕ್ಲಾಸಿನ ಮಗಳು ಸುಷ್ಮಿತಾ ಚಪ್ಪಾಳೆ ತಟ್ಟಿದಳು. ಹೆಂಡತಿ ಸಂಗೀತಾ ತಟ್ಟಲಿಲ್ಲ. ಆಕೆ ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲಿ ಕೂರುವವಳು. ಭರವಸೆಯ ಮಾತುಗಳನ್ನು ಕೌಂಟರಿನ ಎರಡೂ ಕಡೆಯಿಂದ ಕೇಳಿ ಬಲ್ಲವಳು.

"ಅದು ಮನೆ ತುಂಬ ಮಾಡಿದ್ದನ್ನ ಬಳಿಯೋರು ಯಾರ್ರೀ?" ಎಂದಷ್ಟೇ ಕೇಳಿದಳು.

"ನಾನಿಲ್ವಾ? ನೀನು ಒಂದು ಕಡ್ಡಿ ಎತ್ತಿ ಆ ಕಡೆ ಇಡೋದು ಬ್ಯಾಡ."

ಮರಿ ಕೊಟ್ಟವನು ಸೊರಬದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ದೇವರಾಜ, ಹಳೆಯ ಸ್ನೇಹಿತ. ಅವನ ಮನೆಯ ನಾಯಿ ಎಂಟು ಮರಿ ಹಾಕಿ, ಏಳಕ್ಕೆ ಮನೆ ಸಿಕ್ಕಿತ್ತು. ಎಂಟನೆಯದನ್ನು ಯಾರೂ ಯಾಕೆ ಒಯ್ಯಲಿಲ್ಲ ಎಂದು ಮೇಷ್ಟ್ರು ಕೇಳಲಿಲ್ಲ, ದೇವರಾಜ ಹೇಳುವ ಗೋಜಿಗೆ ಹೋಗಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಮರಿಯನ್ನಿಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರು ಬಸ್ಸು ಹತ್ತಿದರು. ಶಿರಾಳಕೊಪ್ಪ ಬರುವಷ್ಟರಲ್ಲಿ ಮರಿ ಪೆಟ್ಟಿಗೆಯ ಒಂದು ಗೋಡೆಯನ್ನು ತಿಂದು ಮುಗಿಸಿ, ಪಕ್ಕದ ಸೀಟಿನ ಅಜ್ಜಿಯ ಚೀಲದೊಳಗಿನ ಬಾಳೆಹಣ್ಣಿಗೆ ಬಾಯಿ ಹಾಕಿತ್ತು. ಅಜ್ಜಿ ಶಿಕಾರಿಪುರದವರೆಗೂ ಶಾಪ ಹಾಕಿದರು. ಮೇಷ್ಟ್ರಿಗೆ ಮಾತ್ರ ಅದು ನಾಯಕತ್ವದ ಲಕ್ಷಣವಾಗಿ ಕಂಡಿತು. ಮನೆ ಮುಟ್ಟುವ ಮೊದಲೇ ಮರಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟರು.

ಮರುದಿನವೇ ತರಬೇತಿ ಶುರುವಾಯಿತು. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಆಜ್ಞೆ ಕೊಡುತ್ತಿದ್ದುದರಿಂದ ಮೇಷ್ಟ್ರು ಕೂಡ "ಸಿಟ್" ಎಂದರು. ಕ್ಯಾಪ್ಟನ್ ಅವರ ಕಾಲಿನ ಹೆಬ್ಬೆರಳು ನೆಕ್ಕಿತು. ಐದನೆಯ ದಿನ, ನೋಡಿ ಕಲಿಯಲಿ ಎಂದು ಮೇಷ್ಟ್ರೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿದರು. ಕ್ಯಾಪ್ಟನ್ ಓಡಿಬಂದು ಮಡಿಲು ಹತ್ತಿ ನಿದ್ದೆ ಹೋಯಿತು. ಹದಿನೈದು ದಿನ ಹೀಗೆ ಕೂತು ಎದ್ದು ಮೇಷ್ಟ್ರ ಮಂಡಿ ಹಿಡಿದುಕೊಂಡಿತೇ ಹೊರತು ಕ್ಯಾಪ್ಟನ್ ಕೂರಲಿಲ್ಲ. ಸೀಟಿ ಊದಿದರೆ ಸೀಟಿಯನ್ನೇ ಕಚ್ಚಲು ಬರುತ್ತಿತ್ತು. ಆ ಮನೆಯಲ್ಲಿ ಅದು ಕಚ್ಚದೆ ಬಿಟ್ಟ ವಸ್ತುವೆಂದರೆ ಮೇಲೆ ತಿರುಗುತ್ತಿದ್ದ ಫ್ಯಾನು ಒಂದೇ.

ಒಂದು ಪಾಠ ಮಾತ್ರ ಅದಕ್ಕೆ ಚೆನ್ನಾಗಿ ಹತ್ತಿತು. ಬಾಯಲ್ಲಿ ಹಿಡಿದದ್ದನ್ನು "ಬಿಡು" ಎಂದಾಗ ಬಿಟ್ಟರೆ ಬಿಸ್ಕತ್ತು. ಇದನ್ನು ಕಲಿತ ಮೇಲೆ ಕ್ಯಾಪ್ಟನ್ ದಿನವಿಡೀ ಏನನ್ನಾದರೂ ಕದ್ದು ತಂದು, ಎದುರಿಗೆ ನಿಂತು, ಯಾವಾಗ ಬಿಡು ಅನ್ನುತ್ತೀರಿ ಎಂದು ಮುಖ ನೋಡತೊಡಗಿತು. ಕಾಲುಚೀಲ, ಲಟ್ಟಣಿಗೆ, ಸುಷ್ಮಿತಾಳ ಜಾಮಿಟ್ರಿ ಬಾಕ್ಸು, ಒಮ್ಮೆ ನೆಂಟರ ಚಪ್ಪಲಿ. ತರಬೇತಿ ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದು ಸಂಗೀತಾ ಕೇಳಿದಳು.

ಇನ್ನು ಬಳಿಯುವ ವಿಷಯ. ಮೊದಲ ಮೂರು ದಿನ ಮೇಷ್ಟ್ರೇ ಬಳಿದರು. ನಾಲ್ಕನೆಯ ದಿನ ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂತು. ಅದು ಮುಗಿದ ಮೇಲೆ ಸೊಂಟ ನೋವು ಬಂತು. ಸೊಂಟ ಸರಿಹೋದ ಮೇಲೆ, ತರಬೇತಿ ವಿಭಾಗ ಬೇರೆ, ಸ್ವಚ್ಛತಾ ವಿಭಾಗ ಬೇರೆ ಎಂಬ ಹೊಸ ವಿಚಾರ ಬಂತು. ಕ್ಯಾಪ್ಟನ್ ಬೆಳಗ್ಗೆ ಐದಕ್ಕೆ ಏಳುತ್ತಿತ್ತು, ಮೇಷ್ಟ್ರು ಏಳುತ್ತಿದ್ದುದು ಆರೂವರೆಗೆ. ನಡುವಿನ ಒಂದೂವರೆ ಗಂಟೆಯಲ್ಲಿ ಏನಾಗಬೇಕೋ ಅದು ನಡುಮನೆಯಲ್ಲಿ ಆಗಿರುತ್ತಿತ್ತು. ಆಮೇಲೆ ಹೊರಗೆ ಕರೆದೊಯ್ದರೆ ಅರ್ಧ ಗಂಟೆ ಚಿಟ್ಟೆ ನೋಡಿ, ಒಳಗೆ ಬಂದು, ಕಾಲೊರಸುವ ಬಟ್ಟೆಯ ಮೇಲೆ ಉಳಿದ ಕೆಲಸ ಮುಗಿಸುತ್ತಿತ್ತು. ಎರಡು ತಿಂಗಳು ಸಂಗೀತಾ ಒಂದು ಕೈಯಲ್ಲಿ ಫಿನಾಯಿಲು, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಓಡಾಡಿದಳು. ಬೈದು ಬೈದು ಕಡೆಗೆ ಬೈಯುವುದನ್ನೂ ಬಿಟ್ಟಳು.

ಆ ಹೊತ್ತಿಗೆ ಸಂಗೀತಾಳ ತಾಯಿ ಈಶ್ವರಮ್ಮ ಮಂಡಿನೋವಿಗೆ ಡಾಕ್ಟರಿಗೆ ತೋರಿಸಲು ತೊಗರ್ಸಿಯಿಂದ ಬಂದರು. ಅವರದು ಕುರಿ ಸಾಕುವ ಮನೆತನ, ಹುಟ್ಟಿದಾಗಿನಿಂದ ನಾಯಿಗಳ ನಡುವೆಯೇ ಬೆಳೆದವರು. ಬಂದ ದಿನವೆಲ್ಲ ಸುಮ್ಮನೆ ನೋಡಿದರು. ಮರುದಿನ, ಬುಧವಾರ ಸಂಜೆ, ಊರಿಂದ ತಂದ ಅಲಸಂದೆ ಕಾಳನ್ನು ನಡುಮನೆಯಲ್ಲಿ ಮೊರದ ಮೇಲೆ ಹರವಿಕೊಂಡು ಕೂತಿದ್ದಾಗ, ತಮ್ಮ ಹಟ್ಟಿಯ ನಾಯಿಗಳಿಗೆ ಯಾರೂ ಏನೂ ಕಲಿಸಲಿಲ್ಲ, ಆದರೂ ಮನೆಯೊಳಗೆ ಗಲೀಜು ಮಾಡಿದ್ದು ಕಾಣೆ ಎಂದು ಮಗಳಿಗೆ ಹೇಳಿದರು. ಮೆಲ್ಲಗೇ ಹೇಳಿದರು. ಮೇಷ್ಟ್ರ ಕಿವಿಗೆ ಅದು ಧ್ವನಿವರ್ಧಕದಲ್ಲಿ ಕೇಳಿಸಿತು.

"ಅತ್ತೇರೆ, ಇಲ್ ನೋಡ್ರಿ. ಚಿನ್ನ ಕೊಟ್ರೂ ಬಿಡು ಅಂದ್ರೆ ಬಿಡ್ತದೆ," ಎಂದವರೇ ಬೆರಳಿನ ಉಂಗುರ ತೆಗೆದು ಕರ್ಚೀಫಿನ ತುದಿಗೆ ಗಂಟು ಹಾಕಿದರು.

ಅದು ಅಂತಿಂಥ ಉಂಗುರವಲ್ಲ. ಮಾವ ಸಣ್ಣಬೀರಪ್ಪ ತಮ್ಮ ಮಂದೆಯ ಕುರಿ ಮಾರಿ ಮದುವೆಯಲ್ಲಿ ಅಳಿಯನಿಗೆ ಹಾಕಿಸಿದ್ದು. ಈಗಲೂ ಅಳಿಯ ಎದುರಾದರೆ ಮೊದಲು ಕೈ ಹಿಡಿದು, ಉಂಗುರವನ್ನು ಹೆಬ್ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಆಮೇಲೆಯೇ ಯೋಗಕ್ಷೇಮ ಕೇಳುತ್ತಿದ್ದರು.

ಮೇಷ್ಟ್ರು ಗಂಟನ್ನು ಅತ್ತೆಯ ಮುಖದ ಮುಂದೆ, ಸುಷ್ಮಿತಾಳ ಮುಂದೆ, ಮರಿಯ ಮೂಗಿನ ಮುಂದೆ ಬೀಸಿ ಬೀಸಿ ತೋರಿಸಿ ಎಸೆದರು. ಕ್ಯಾಪ್ಟನ್ ಹಾರಿ ಹಿಡಿದು, ನಡುಮನೆಗೆ ಎರಡು ಸುತ್ತು ಬಂದು, ಎದುರಿಗೆ ನಿಂತಿತು. "ಬಿಡು," ಎಂದರು. ಬಿಟ್ಟಿತು. ಮೇಷ್ಟ್ರು ಬಿಸ್ಕತ್ತು ಕೊಟ್ಟು, ತಲೆ ಸವರಿ, ಅತ್ತೆಯ ಕಡೆ ಒಮ್ಮೆ ನೋಡಿ, ಕರ್ಚೀಫು ಎತ್ತಿಕೊಂಡರು. ಗಂಟು ಬಿಚ್ಚಿತ್ತು. ಉಂಗುರ ಇರಲಿಲ್ಲ. ಕ್ಯಾಪ್ಟನ್ ತುಟಿ ಸವರಿಕೊಳ್ಳುತ್ತಿತ್ತು.

ಸೋಫಾ ಎಳೆದರು, ಮಂಚ ಎತ್ತಿದರು, ಚಾಪೆ ಕೊಡವಿದರು. ಎರಡು ತಿಂಗಳಿಂದ ಕಳೆದಿದ್ದ ಮೂರು ಕಾಲುಚೀಲ ಸಿಕ್ಕವು. ಉಂಗುರ ಸಿಗಲಿಲ್ಲ. ಸಂಗೀತಾ ಸೊಂಟದ ಮೇಲೆ ಕೈಯಿಟ್ಟು ನಿಂತು, ಭಾನುವಾರ ಏನು ಎಂದು ನೆನಪಿದೆಯಾ ಎಂದು ಕೇಳಿದಳು. ನೆನಪಿತ್ತು. ಭಾನುವಾರ ತೊಗರ್ಸಿಯಲ್ಲಿ ಅವಳ ತಮ್ಮ ವೀರೇಶನ ಕೂಸಿಗೆ ತೊಟ್ಟಿಲು ಹಾಕುವುದಿತ್ತು. ನೆಂಟರೆಲ್ಲ ಸೇರುತ್ತಾರೆ, ಮಾವ ಬಾಗಿಲಲ್ಲೇ ನಿಂತು ಕೈ ಹಿಡಿಯುತ್ತಾರೆ. ಮೇಷ್ಟ್ರು ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಪಶು ಡಾಕ್ಟರ್ ಶಾಂತವೀರಪ್ಪನವರ ಮನೆಗೆ ಓಡಿದರು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ನುಂಗಿದ್ದೇ ಆದರೆ ಇಷ್ಟು ಚಿಕ್ಕ ಉಂಗುರ ಎರಡು ಮೂರು ದಿನದಲ್ಲಿ ತಾನಾಗಿಯೇ ಹೊರಗೆ ಬರಬಹುದು, ವಾಂತಿ ಮಾಡಿದರೆ ಅಥವಾ ಊಟ ಬಿಟ್ಟರೆ ಮಾತ್ರ ಕೂಡಲೇ ತನ್ನಿ ಎಂದರು. ಅನ್ನಕ್ಕೆ ಬೇಯಿಸಿದ ಸಿಹಿಗುಂಬಳ ಕಲಸಿ ಹಾಕಬೇಕು, ಪ್ರತಿ ಊಟ ಆದ ಹತ್ತು ನಿಮಿಷಕ್ಕೆ ಹೊರಗೆ ಕರೆದೊಯ್ಯಬೇಕು, ಬೆಳಗ್ಗೆ ಅದು ಎದ್ದ ಕೂಡಲೇ ನೀವೂ ಏಳಬೇಕು. "ಹೋದದ್ದನ್ನೆಲ್ಲ ನೀವೇ ಕೆದಕಿ ನೋಡ್ರಿ ಮೇಷ್ಟ್ರೇ. ಬೇರೆಯೋರಿಗೆ ಬಿಡಬ್ಯಾಡ್ರಿ, ಚಿನ್ನದ ವಿಷಯ."

ಮನೆಗೆ ಬಂದವರೇ ಮೇಷ್ಟ್ರು ಬಕೆಟ್ಟು ಹಿಡಿದರು. ನಡುಮನೆಯ ಮೂಲೆಯಲ್ಲಿ ಆಗಲೇ ಒಂದು ಕಾಣಿಕೆ ಬಿದ್ದಿತ್ತು. ಕಡ್ಡಿಯಿಂದ ಕೆದಕಿ, ನೆಲ ಬಳಿದು, ಫಿನಾಯಿಲು ಹಾಕಿ ಒರೆಸಿದರು. ಸಂಗೀತಾ ಟೀ ಲೋಟ ಹಿಡಿದು ಕುರ್ಚಿಯ ಮೇಲೆ ಕೂತು ನೋಡಿದಳು.

ಗುರುವಾರ ಬೆಳಗ್ಗೆ ಐದಕ್ಕೆ ಮೇಷ್ಟ್ರು ಮರಿಯನ್ನು ಮನೆ ಪಕ್ಕದ ಖಾಲಿ ಸೈಟಿಗೆ ಕರೆದೊಯ್ದರು. ಎರಡು ತಿಂಗಳು ಕಂಡ ಕಂಡಲ್ಲಿ ಧಾರಾಳವಾಗಿದ್ದ ಕ್ಯಾಪ್ಟನ್ ಅಂದು ನಾಚಿತು. ಮೇಷ್ಟ್ರು ನೋಡಿದರೆ ಅದೂ ಇವರನ್ನು ನೋಡುತ್ತಿತ್ತು. ಮುಖ ತಿರುಗಿಸಿದರೆ ಎದುರು ಬಂದು ನಿಲ್ಲುತ್ತಿತ್ತು. ಮೇಷ್ಟ್ರು ಬೇಡಿಕೊಂಡರು, ಗದರಿದರು, ಕಡೆಗೆ ಅದರ ಎದುರು ಕುಕ್ಕರಗಾಲಲ್ಲಿ ಕೂತು ಮತ್ತೆ ತೋರಿಸಿಕೊಡಬೇಕೇನೋ ಎನ್ನುವವರೆಗೆ ಹೋದರು. ವಾಕಿಂಗಿಗೆ ಹೊರಟವರು ನಿಂತು ನೋಡುತ್ತಿದ್ದುದರಿಂದ ಆ ಯೋಚನೆ ಕೈಬಿಟ್ಟರು. ಒಂದು ಗಂಟೆಯ ನಂತರ ಕ್ಯಾಪ್ಟನ್ ಮನಸ್ಸು ಮಾಡಿತು. ಸಿಕ್ಕಿದ್ದು ಒಂದು ಅಂಗಿಯ ಗುಂಡಿ.

ಮಧ್ಯಾಹ್ನ ಶಾಲೆಯಿಂದ ಊಟದ ಬಿಡುವಿನಲ್ಲಿ ಬೈಕಿನಲ್ಲಿ ಓಡಿಬಂದರು. ಸಂಜೆ ಮತ್ತೆ. ಶುಕ್ರವಾರ ರಬ್ಬರಿನ ತುಂಡೊಂದು ಬಂತು, ಆಮೇಲೆ ಸುಷ್ಮಿತಾಳ ತಲೆಗೂದಲಿನ ಬ್ಯಾಂಡು ಬಂತು. ಮೇಷ್ಟ್ರು ಸೈಟಿನಲ್ಲಿ ಕಡ್ಡಿ ಹಿಡಿದು ಬಗ್ಗಿದ್ದಾಗ ಒಂಬತ್ತನೇ ಕ್ಲಾಸಿನ ಕಬಡ್ಡಿ ತಂಡ ರಸ್ತೆಯಲ್ಲಿ ಬಂತು. ಇವರೇ ಕಲಿಸಿದ ಶಿಸ್ತು; ಏಳೂ ಜನ ಸಾಲಾಗಿ ನಿಂತು ಒಂದೇ ದನಿಯಲ್ಲಿ ನಮಸ್ತೆ ಹೇಳಿದರು. ಮೇಷ್ಟ್ರು ಕಡ್ಡಿಯನ್ನು ಹಿಂದೆ ಬಚ್ಚಿಟ್ಟುಕೊಂಡು ತಲೆಯಾಡಿಸಿದರು. ಶನಿವಾರ ಹೆಡ್ ಮಾಸ್ಟರು ಕೊಠಡಿಗೆ ಕರೆದು, ನೀವು ಯಾವುದೋ ಮಣ್ಣಿನ ಪರೀಕ್ಷೆ ಮಾಡುತ್ತಿದ್ದೀರಂತೆ, ನಮ್ಮ ತೋಟದ್ದೂ ಸ್ವಲ್ಪ ನೋಡಬಹುದಾ ಎಂದು ಕೇಳಿದರು.

ಶನಿವಾರ ಸಂಜೆಗೆ ಎಂಟು ಸಲ ಆಗಿತ್ತು. ಉಂಗುರವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತ್ತು. ಕ್ಯಾಪ್ಟನ್ ಎಂದಿಗಿಂತ ಹುರುಪಿನಿಂದ ಸಿಹಿಗುಂಬಳ ತಿನ್ನುತ್ತಿತ್ತು. ಅದನ್ನು ಹೆಚ್ಚಿ ಬೇಯಿಸಿ ಮೇಷ್ಟ್ರ ಕೈ ಹಳದಿಯಾಗಿತ್ತು. ಅತ್ತೆ ಮಾತ್ರ ಯಾವ ಆತಂಕವೂ ಇಲ್ಲದೆ ಅಲಸಂದೆ ಸಾರು ಮಾಡಿ ಬಡಿಸುತ್ತಿದ್ದರು. ಮಾವನಿಗೆ ಏನು ಹೇಳಲಿ ಎಂದು ಮೇಷ್ಟ್ರು ಕೇಳಿದಾಗ, ನಡೆದದ್ದು ಹೇಳಿದರಾಯಿತು ಎಂದರು.

ಭಾನುವಾರ ಮರಿಯನ್ನು ಮನೆಯಲ್ಲಿ ಬಿಡುವಂತಿರಲಿಲ್ಲ. ಹೊಟ್ಟೆಯಲ್ಲಿ ಕುರಿಮಂದೆಯ ಚಿನ್ನ ಇತ್ತು. ಅದನ್ನೂ ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಎಲ್ಲರೂ ತೊಗರ್ಸಿಗೆ ಹೋದರು. ದಾರಿಯುದ್ದಕ್ಕೂ ಮೇಷ್ಟ್ರು ಒಂದೊಂದು ಸುಳ್ಳನ್ನೂ ಹೊಂದಿಸಿ ನೋಡಿದರು. ಬೆರಳು ಊದಿಕೊಂಡಿದೆ, ಪಾಲಿಶಿಗೆ ಕೊಟ್ಟಿದ್ದೇನೆ, ಆಟದ ಮೈದಾನದಲ್ಲಿ ಹಾಕಬಾರದೆಂದು ಸುತ್ತೋಲೆ ಬಂದಿದೆ. ಕಾರಿನಿಂದ ಇಳಿದಾಗ ಸಣ್ಣಬೀರಪ್ಪ ಬಾಗಿಲಲ್ಲೇ ಇದ್ದರು. ನಕ್ಕು ಬರಮಾಡಿಕೊಂಡು ಅಳಿಯನ ಕೈ ಹಿಡಿದರು. ಹೆಬ್ಬೆರಳು ಉಂಗುರ ಇರಬೇಕಾದ ಜಾಗದಲ್ಲಿ ಒಂದು ಸುತ್ತು ಹುಡುಕಿ ನಿಂತಿತು. ಆ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

"ತಪ್ಪಾತು ಮಾವ. ಅತ್ತೇರ ಮುಂದೆ ಜಂಭ ಕೊಚ್ಚಿಕೊಳ್ಳಾಕೆ ಹೋಗಿ ನಾಯಿ ಬಾಯಿಗೆ ಕೊಟ್ಟೆ. ನುಂಗಿಬಿಡ್ತು. ನಾಲ್ಕು ದಿನದಿಂದ ಹುಡುಕ್ತಾ ಇದೀನಿ."

ಪಡಸಾಲೆಯಲ್ಲಿ ಕೂತಿದ್ದ ನೆಂಟರೆಲ್ಲ ಬಾಗಿಲ ಕಡೆ ತಿರುಗಿದರು. ತೊಟ್ಟಿಲಿನ ಕೂಸು ಕೂಡ ಅಳು ನಿಲ್ಲಿಸಿತು. ಸಣ್ಣಬೀರಪ್ಪ ಅಳಿಯನನ್ನು ನೋಡಿದರು, ನಾಯಿಯನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಈಶ್ವರಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಉಂಗುರ ತೆಗೆದು ಗಂಡನ ಅಂಗೈಯಲ್ಲಿಟ್ಟರು.

"ನಾಯಿ ನುಂಗಿರಲಿಲ್ಲ. ಇವ್ರು ಬೀಸೋ ಅಬ್ಬರಕ್ಕೆ ಗಂಟು ಬಿಚ್ಚಿ ನನ್ನ ಮೊರಕ್ಕೇ ಬಿದ್ದಿತ್ತು. ಡಾಕ್ಟರ ಹತ್ರ ಹೋದಾಗ ಕಾಳು ಆರಿಸ್ತಾ ಸಿಕ್ತು."

ಮೇಷ್ಟ್ರಿಗೆ ನಾಲ್ಕು ದಿನ ಬೆಳಗ್ಗೆ ಐದಕ್ಕೆ ಎದ್ದದ್ದೂ ಎಂಟು ಕಡ್ಡಿಗಳೂ ಕಣ್ಣ ಮುಂದೆ ಬಂದವು. "ಮತ್ತೆ ಅವತ್ತೇ ಕೊಡಬಾರದಿತ್ತಾ ಅತ್ತೇರೆ?"

"ಕೊಡಾಣ ಅಂತಲೇ ಕುಂತಿದ್ದೆ. ನೀವು ಬಂದೋರೆ ಬಕೆಟ್ ಹಿಡಿದ್ರಿ. ಇಕಿ ಕುರ್ಚಿ ಮ್ಯಾಲೆ ಕುಂತು ಟೀ ಕುಡಿದ್ಲು. ಎರಡು ತಿಂಗಳ ಮ್ಯಾಲೆ ಇವತ್ತು ಟೀ ಬಿಸಿ ಇದ್ದಾಗ ಕುಡಿದೆ ಅವ್ವ ಅಂದ್ಲು. ಹೋಗ್ಲಿ, ಒಂದಿನ ಇರಲಿ ಅಂದೆ. ಆಮೇಲೆ ಇನ್ನೊಂದಿನ ಇರಲಿ ಅನ್ನಿಸ್ತು. ಶುಕ್ರವಾರದಿಂದ ಮರಿ ಮನೆಯೊಳಗೆ ಒಂದು ಸಲನೂ ಮಾಡಿಲ್ಲ, ನೋಡಿದ್ರಾ?"

ಮೇಷ್ಟ್ರು ನೋಡಿರಲಿಲ್ಲ. ಹೊರಗೆ ಬಿದ್ದದ್ದನ್ನು ಕೆದಕುವ ಭರದಲ್ಲಿ, ಒಳಗೆ ಏನೂ ಬೀಳುತ್ತಿಲ್ಲ ಎಂಬುದು ಅವರ ಗಮನಕ್ಕೇ ಬಂದಿರಲಿಲ್ಲ. ಸಂಗೀತಾಳಿಗೂ ಉಂಗುರದ ವಿಷಯ ಈಗಲೇ ಗೊತ್ತಾದದ್ದು. ಅವಳು ತಾಯಿಯನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೆಂಟರಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ವೀರೇಶ ಗೋಡೆ ಹಿಡಿದುಕೊಂಡು ನಗುತ್ತಿದ್ದ.

ಸಣ್ಣಬೀರಪ್ಪ ನಗಲಿಲ್ಲ. ಅಳಿಯನ ಕೈಯನ್ನು ಮತ್ತೆ ಹಿಡಿದು ಉಂಗುರ ತೊಡಿಸಲು ಹೋದರು. ಅಷ್ಟರಲ್ಲಿ ಅಂಗಳದ ಬೇಲಿಯ ಹತ್ತಿರ ಕ್ಯಾಪ್ಟನ್ ನೆಲ ಮೂಸುತ್ತ ಒಂದೇ ಜಾಗದಲ್ಲಿ ಸುತ್ತತೊಡಗಿತು. ಮೇಷ್ಟ್ರು ಮಾವನ ಕೈಯಿಂದ ಕೈ ಬಿಡಿಸಿಕೊಂಡು, ಪಡಸಾಲೆ ಇಳಿದು, ದಾರಿಯಲ್ಲಿ ಒಂದು ಕಡ್ಡಿ ಮುರಿದುಕೊಂಡು ಓಡಿದರು. ಉಂಗುರ ಸಿಕ್ಕಿದೆ ಎಂಬ ಸುದ್ದಿ ಅವರ ಕಾಲುಗಳಿಗೆ ಇನ್ನೂ ತಲುಪಿರಲಿಲ್ಲ.

ಸಂಗೀತಾ ಅದನ್ನು ನೋಡಿದಳು. ಅಪ್ಪನ ಅಂಗೈಯಿಂದ ಉಂಗುರ ಎತ್ತಿಕೊಂಡು, ತಾಯಿಯ ಸೆರಗಿನ ತುದಿಗೆ ಮತ್ತೆ ಬಿಗಿಯಾಗಿ ಗಂಟು ಹಾಕಿದಳು.

"ಇನ್ನೂ ಒಂದಾರು ತಿಂಗಳು ನಿನ್ನ ಹತ್ರನೇ ಇರಲಿ ಅವ್ವ."