ಒಬ್ಬನೇ ಜೋಗಕ್ಕೆ ಹೊರಟಿದ್ದು

ನಮ್ಮ ನ್ಯಾಮತಿಯಲ್ಲಿ ಯಾರಾದರೂ ಒಂದು ಕೆಲಸವನ್ನು ಒಬ್ಬರೇ ಮಾಡುತ್ತೇವೆಂದು ಹೊರಟು, ಅದನ್ನು ಒಬ್ಬರೇ ಮುಗಿಸಿಕೊಂಡು ಬಂದದ್ದು ನನಗಂತೂ ಗೊತ್ತಿಲ್ಲ. ಹಲ್ಲು ಕೀಳಿಸಲು ಶಿವಮೊಗ್ಗಕ್ಕೆ ಹೊರಟವನ ಜೊತೆ ನಾಲ್ಕು ಜನ ಹೋಗಿ, ಅದರಲ್ಲಿ ಇಬ್ಬರು ತಮ್ಮ ಹಲ್ಲನ್ನೂ ತೋರಿಸಿಕೊಂಡು ಬಂದಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಒಬ್ಬನೇ ಜೋಗ ನೋಡಿ ಬರುತ್ತೇನೆಂದು ಹೊರಟೆ. ತಪ್ಪು ನನ್ನದೇ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಊರಿಗೆ ಏನು ಬಂತೋ ಬಿಟ್ಟಿತೋ, ನನ್ನ ಅಂಗಡಿಯ ಮುಂದೆ ಜನ ಮಾತ್ರ ಬಂದರು. ಬೆಳಗ್ಗೆಯಿಂದ ಸಂಜೆವರೆಗೆ ನನ್ನ ಬಾಯಲ್ಲಿ ಬರುವುದು ಮೂರೇ ಮಾತು: ಹೆಸರೇನು, ತಂದೆ ಹೆಸರೇನು, ಓಟಿಪಿ ಬಂತಾ. ಅವರ ಬಾಯಲ್ಲಿ ಬರುವುದು ಒಂದೇ: ಯಾವಾಗ ಆಗುತ್ತೆ? ಒಂದು ದಿನ, ಒಂದೇ ಒಂದು ದಿನ, ಯಾರೂ ನನ್ನನ್ನು ಏನೂ ಕೇಳದ, ನಾನೂ ಯಾರನ್ನೂ ಏನೂ ಕೇಳದ ಜಾಗದಲ್ಲಿ ಇರಬೇಕು ಎಂದು ಆಸೆಯಾಯಿತು. ಜೋಗದಲ್ಲಿ ಮಳೆಗಾಲದ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ಅಷ್ಟು ಸಾಕಾಗಿತ್ತು ನನಗೆ.

ಮನೆಯಲ್ಲಿ ಹೇಳಿದ್ದು

ಹೆಂಡತಿ ಅಕ್ಕಿ ಆರಿಸುತ್ತಿದ್ದಳು. "ಬರೋ ಭಾನುವಾರ ಜೋಗಕ್ಕೆ ಹೋಗ್ತೀನಿ" ಎಂದೆ.

"ಯಾರ ಜೊತೆ?"

"ಒಬ್ಬನೇ."

ಮೊರ ನಿಂತಿತು. ಅವಳು ಮೊಬೈಲ್ ತೆಗೆದುಕೊಂಡು ಎದ್ದು ಒಳಗೆ ಹೋದಳು. ಎರಡು ನಿಮಿಷಕ್ಕೆ ಚನ್ನಗಿರಿಯಿಂದ ಅವಳ ತಂಗಿಯ ಫೋನು ನನಗೆ ಬಂತು.

"ಭಾವ, ನಮ್ಮಕ್ಕ ಏನಾದ್ರೂ ಅಂದ್ಲಾ?"

"ಇಲ್ಲಮ್ಮ."

"ಅಡುಗೆ ಗಿಡುಗೆ ಸರಿ ಇಲ್ವಾ?"

"ಚೆನ್ನಾಗೇ ಐತೆ."

"ಮತ್ತೆ ಒಬ್ರೇ ಯಾಕೆ ಹೋಗ್ತೀರಿ? ಏನೇ ಇದ್ರೂ ಕುಂತು ಮಾತಾಡಾನ ಭಾವ. ನಾವೆಲ್ಲ ಇದೀವಲ್ಲ."

ಮಾತಾಡುವುದು ತಪ್ಪಲಿ ಎಂದೇ ಹೋಗುತ್ತಿದ್ದೇನೆ ಎಂದು ಹೇಗೆ ಹೇಳುವುದು? ಜಲಪಾತ ನೋಡಲು ಜಗಳವಾಗಿರಬೇಕಾದ ಅಗತ್ಯವಿಲ್ಲ ಎಂದು ಅವಳಿಗೆ ಒಪ್ಪಿಸುವ ಹೊತ್ತಿಗೆ ಅರ್ಧ ಗಂಟೆ ಹೋಯಿತು. ಫೋನ್ ಇಟ್ಟು ನೋಡಿದರೆ ಹೆಂಡತಿ ಮತ್ತೆ ಮೊರದ ಮುಂದೆ ಕೂತಿದ್ದಳು.

"ಹೋಗಿ ಬರ್ರಿ, ನಾನೇನು ಬ್ಯಾಡ ಅನ್ನಲ್ಲ. ಬಂದ ಮೇಲೆ ಭಾಳ ಚೆನ್ನಾಗಿತ್ತು ಅಂತ ಮಾತ್ರ ನನ್ನ ಮುಂದೆ ಹೇಳ್ಬ್ಯಾಡ್ರಿ."

ಪ್ಲಾನಿಗೆ ಕೆಂಪು ಇಂಕು

ಮರುದಿನ ಅಂಗಡಿಯಲ್ಲಿ ಬಿಡುವು ನೋಡಿಕೊಂಡು ಒಂದು ಪ್ಲಾನ್ ಟೈಪ್ ಮಾಡಿದೆ. ಇದು ನನ್ನ ಕಸುಬಿನ ಚಟ. ಏನನ್ನೇ ಆಗಲಿ ಕ್ರಮಸಂಖ್ಯೆ ಹಾಕಿ, ಬಾಕ್ಸ್ ಹೊಡೆದು ಬರೆಯದಿದ್ದರೆ ಅದು ನಡೆಯುತ್ತದೆಂಬ ನಂಬಿಕೆ ಬರುವುದಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗ, ಅಲ್ಲಿಂದ ಸಾಗರ, ಸಾಗರದಲ್ಲಿ ತಿಂಡಿ, ಅಲ್ಲಿಂದ ಜೋಗ. ಬರುವಾಗ ಹೊತ್ತು ಉಳಿದರೆ ಇಕ್ಕೇರಿ ದೇವಸ್ಥಾನ. ಮೇಲೆ ದಪ್ಪ ಅಕ್ಷರದಲ್ಲಿ "ಜೋಗ ಜಲಪಾತ ವೀಕ್ಷಣೆ" ಎಂದು ಹಾಕಿ, ಪ್ರಿಂಟ್ ತೆಗೆದೆ.

ಪ್ರಿಂಟರಿನಿಂದ ಹಾಳೆ ಹೊರಗೆ ಬರುವಾಗಲೇ ಅದನ್ನು ಹಿಡಿದವರು ಪಕ್ಕದ ಟೀ ಅಂಗಡಿ ಸಾಬ್ರು. ನನಗೆ ಲೋಟ ಕೊಡಲು ಬಂದಿದ್ದರು.

"ಅಣ್ಣ, ಇದರಾಗೆ ಮಧ್ಯಾಹ್ನದ ಊಟನೇ ಇಲ್ಲ!"

"ಅಲ್ಲಿ ಏನಾದ್ರೂ ಸಿಗುತ್ತೆ ಸಾಬ್ರೇ."

"ಏನಾದ್ರೂ ಅಂತ ಬರೀಬಾರ್ದು. ಏನು ಅಂತ ಬರೀಬೇಕು. ಖಾಲಿ ಹೊಟ್ಟೇಲಿ ಅಷ್ಟು ನೀರು ನೋಡಬಾರ್ದು, ತಲೆ ತಿರುಗುತ್ತೆ."

ಆ ಹೊತ್ತಿಗೆ ರಿಟೈರ್ಡ್ ಸಮಾಜ ವಿಜ್ಞಾನದ ಮೇಷ್ಟ್ರು ಬಂದರು. ನನಗೂ ಪಾಠ ಮಾಡಿದವರು. ಕನ್ನಡಕ ಏರಿಸಿ ಹಾಳೆ ಓದಿದರು. ಜೇಬಿನಿಂದ ಕೆಂಪು ಪೆನ್ನು ಹೊರಗೆ ಬಂತು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಆ ಪೆನ್ನು ಅವರ ಜೇಬು ಬಿಟ್ಟಿಲ್ಲ.

"ಏನಯ್ಯ, ಸೀದಾ ಇಕ್ಕೇರಿಗೆ ಹೋಗ್ತೀಯಾ?"

"ಹೌದು ಸಾರ್, ಸಾಗರದಿಂದ ಹತ್ರ."

"ಹತ್ರ ದೂರದ ಪ್ರಶ್ನೆ ಅಲ್ಲ. ನಾಯಕರ ರಾಜಧಾನಿ ಮೊದಲು ಇದ್ದದ್ದು ಕೆಳದಿ. ಆಮೇಲೆ ಇಕ್ಕೇರಿ. ಆಮೇಲೆ ಬಿದನೂರು. ಅವರು ಹೆಂಗೆ ಹೋದ್ರೋ ಹಂಗೇ ನೋಡ್ಬೇಕು. ಹಿಂದು ಮುಂದು ನೋಡಿದ್ರೆ ತಲೇಲಿ ಏನೂ ನಿಲ್ಲಲ್ಲ."

ಕೆಳದಿ ಒಂದು ದಿಕ್ಕಿಗೆ, ಇಕ್ಕೇರಿ ಇನ್ನೊಂದು ದಿಕ್ಕಿಗೆ. ಬಿದನೂರು ನೋಡಬೇಕಾದರೆ ಹೊಸನಗರದ ಕಡೆ ಹೋಗಬೇಕು. "ಸಾರ್, ನನಗೆ ಇರೋದು ಒಂದೇ ದಿನ" ಎಂದೆ.

ಮೇಷ್ಟ್ರು ಪೆನ್ನಿನ ಕ್ಯಾಪು ಹಾಕಿದರು. ಹೋಂವರ್ಕ್ ಮಾಡದ ಹುಡುಗನನ್ನು ನೋಡುವಂತೆಯೇ ನೋಡಿದರು.

"ಅವರು ಇನ್ನೂರು ಚಿಲ್ಲರೆ ವರ್ಷ ಆಳಿದಾರೆ. ನಿನಗೆ ಇನ್ನೊಂದು ದಿನ ಕೊಡಾಕೆ ಆಗಲ್ವಾ?"

ಎರಡು ಫೋಟೋ, ಒಂದು ರೇಷನ್ ಕಾರ್ಡ್

ಆ ಹಾಳೆಯನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟು ಮರೆತೆ. ಅದೇ ಗಾಜಿನ ಕೆಳಗೆ ಪಿಂಚಣಿಯದು, ವಿದ್ಯಾರ್ಥಿ ವೇತನದ್ದು, ಬೋರ್‌ವೆಲ್‌ದು, ಎಲ್ಲ ಅರ್ಜಿಗಳ ಮಾದರಿ ಇರುತ್ತವೆ. ಅಲ್ಲಿ ಇಟ್ಟದ್ದನ್ನು ನಮ್ಮ ಜನ ಸರ್ಕಾರದ್ದು ಎಂದೇ ಓದುತ್ತಾರೆ ಎಂಬುದು ನನಗೆ ಹೊಳೆಯಬೇಕಾಗಿತ್ತು.

ಬುಧವಾರ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ನಮ್ಮ ಓಣಿಯ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಪ್ರತಿ ತಿಂಗಳೂ ಪಿಂಚಣಿ ಬಂತಾ ಎಂದು ಕೇಳಲು ಬರುವ ಅಜ್ಜಿ. ಪ್ಲಾಸ್ಟಿಕ್ ಚೀಲದಿಂದ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಕೌಂಟರಿನ ಮೇಲೆ ಸಾಲಾಗಿ ಜೋಡಿಸಿದಳು.

"ಏನಜ್ಜಿ ಇದು?"

"ಜೋಗದ್ದು."

"ಜೋಗದ್ದು ಏನು?"

"ಹಾಕಪ್ಪ ಅರ್ಜಿ. ವಯಸ್ಸಾದೋರಿಗೆ ಮೊದಲು ಕರೀತಾರಂತೆ."

ನಾನು ಹಾಳೆ ತೋರಿಸಿ ಬಿಡಿಸಿ ಹೇಳಿದೆ. ಇದು ಸರ್ಕಾರದ್ದಲ್ಲ, ನಾನು ಒಬ್ಬನೇ ಹೋಗುವುದಕ್ಕೆ ಬರೆದುಕೊಂಡದ್ದು. ಅಜ್ಜಿ ಪೂರ್ತಿ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಬ್ಬ ಹೋಗಾಕೆ ಯಾರಾದ್ರೂ ಇಷ್ಟು ಬರೀತಾರಾ ತಮ್ಮ? ನೀನು ನಿನ್ನ ಕಡೆಯೋರಿಗೆ ಮಾತ್ರ ಹಾಕಿಕೊಡ್ತೀಯ, ಅಷ್ಟೇ ಹೇಳು."

ಮಧ್ಯಾಹ್ನದ ಹೊತ್ತಿಗೆ ಹದಿನೇಳು ಜನರ ದಾಖಲೆಗಳು ನನ್ನ ಕೌಂಟರಿನ ಮೇಲೆ ಬಿದ್ದಿದ್ದವು. ವಾಪಸ್ ತಗೊಳ್ಳಿ ಎಂದರೆ ಯಾರೂ ತಗೊಳ್ಳಲಿಲ್ಲ. "ಇರ್ಲಿ ಬಿಡ್ರಿ, ಮುಂದೆ ಯಾವಾಗಾದ್ರೂ ಬಿಟ್ಟಾಗ ಹಾಕ್ರಿ" ಎಂದರು. ಹೊಳೆಯ ಆಚೆ ಸಾಸ್ವೆಹಳ್ಳಿ ಕಡೆಯಿಂದ ಬಂದಿದ್ದ ಒಬ್ಬರು ಮಾತ್ರ ಎಲ್ಲರೂ ಹೋಗುವವರೆಗೆ ಕಾದಿದ್ದು, ಕೌಂಟರಿಗೆ ಬಾಗಿ ಸಣ್ಣ ದನಿಯಲ್ಲಿ ಕೇಳಿದರು: "ಬಿಪಿಎಲ್ ಕಾರ್ಡಿಗೆ ಕಿಟಕಿ ಸೀಟು ಕೊಡ್ತಾರೇನ್ರಿ?"

ಮೂರು ಜನ ಹೋಗಬಾರದು

ಗುರುವಾರ ಚನ್ನಗಿರಿಯ ಷಡ್ಡಕನ ಫೋನು. ಹೆಂಡತಿಯ ತಂಗಿಯ ಗಂಡ.

"ಅಣ್ಣ, ನೀರು ನೋಡಾಕೆ ಅಷ್ಟು ದೂರ ಯಾಕೆ? ನಮ್ಮ ಸೂಳೆಕೆರೆ ಇಲ್ವಾ? ಈ ದಡದಿಂದ ಆ ದಡ ಕಾಣಲ್ಲ."

"ಅದು ಬೀಳಲ್ಲಪ್ಪ, ನಿಂತೈತೆ."

"ಬೀಳೋ ನೀರಿಗಿಂತ ನಿಂತ ನೀರೇ ಒಳ್ಳೇದಣ್ಣ, ಆರಾಮಾಗಿ ನೋಡಬಹುದು." ಮತ್ತೆ ತಾನೇ, "ಆದ್ರೂ ನೀವು ಒಬ್ರೇ ಅಂದ್ರೆ ಮನಸ್ಸು ಒಪ್ಪಲ್ಲ. ನಾನೂ ಬರ್ತೀನಿ" ಎಂದ.

ಇಬ್ಬರಾದೆವು. ಟೀ ಅಂಗಡಿ ಸಾಬ್ರಿಗೆ ಇದು ಗೊತ್ತಾಗಿ, ಊಟದ ಜವಾಬ್ದಾರಿ ನನ್ನದು ಎಂದು ಅವರೂ ಸೇರಿದರು. ಮೂವರಾದೆವು. ಅಷ್ಟಕ್ಕೆ ನಿಂತಿದ್ದರೂ ಹೇಗೋ ಸುಧಾರಿಸುತ್ತಿದ್ದೆ. ಸಾಬ್ರು ಹೆಚ್ಚು ಮಾತಿನವರಲ್ಲ, ಷಡ್ಡಕ ಬಸ್ಸಿನಲ್ಲಿ ನಿದ್ದೆ ಮಾಡುತ್ತಾನೆ. ಆದರೆ ನಮ್ಮ ಕಡೆ ಮೂರು ಜನ ಒಟ್ಟಿಗೆ ಹೊರಡುವುದಿಲ್ಲ. ಹೋದ ಕೆಲಸ ಆಗುವುದಿಲ್ಲವಂತೆ. ಹೊರಡಲೇಬೇಕಾದರೆ ನಾಲ್ಕನೆಯವರ ಲೆಕ್ಕಕ್ಕೆ ಜೇಬಿನಲ್ಲಿ ಒಂದು ಕಲ್ಲು ಹಾಕಿಕೊಳ್ಳುತ್ತಾರೆ. ನಾನು ಅಂಗಳದಲ್ಲಿ ಒಂದು ಒಳ್ಳೆಯ ದುಂಡು ಕಲ್ಲು ಹುಡುಕಿ ತೊಳೆದು ಇಟ್ಟುಕೊಂಡೆ.

ಷಡ್ಡಕ ಒಪ್ಪಲಿಲ್ಲ. "ಕಲ್ಲು ಯಾಕಣ್ಣ, ನನ್ನ ಹೆಂಡ್ತಿ ಬರ್ತಾಳೆ."

ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ, "ಕಲ್ಲಿನ ಬದ್ಲು ಅವಳು ಬರಬಹುದಾದ್ರೆ ನಾನು ಯಾಕೆ ಬರಬಾರ್ದು?" ಎಂದಳು.

ಐವರಾದೆವು. ಸಾಬ್ರ ಮನೆಯವರು ಆರನೆಯವರು. ಮೇಷ್ಟ್ರು, ಅವರ ಹೆಂಡತಿ, ಮೊಮ್ಮಗಳು ಸೇರಿ ಒಂಬತ್ತು. ಕೆಳದಿ ತಪ್ಪಿಸಿದರೆ ಬರುವುದಿಲ್ಲ ಎಂದು ಮೇಷ್ಟ್ರು ಷರತ್ತು ಹಾಕಿದಾಗ ನನಗೆ ಸಣ್ಣ ಆಸೆ ಹುಟ್ಟಿತ್ತು, ಉಳಿದವರು ಕೂಡಲೇ ಒಪ್ಪಿಬಿಟ್ಟರು. ಅಜ್ಜಿ ತನ್ನ ಅರ್ಜಿ ಮಂಜೂರಾಯಿತೆಂದೇ ತಿಳಿದು, ಜಗಳೂರಿನ ಮಗಳನ್ನೂ ಮೊಮ್ಮಗನನ್ನೂ ಕರೆಸಿಕೊಂಡಳು. ಹನ್ನೆರಡು. ಷಡ್ಡಕ ಹೊನ್ನಾಳಿಯಿಂದ ಹನ್ನೆರಡು ಸೀಟಿನ ಟೆಂಪೋ ಗೊತ್ತು ಮಾಡಿದ.

ಕಲ್ಲನ್ನು ಹೆಂಡತಿ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಳು.

ಭಾನುವಾರ

ಬೆಳಗ್ಗೆ ಐದೂವರೆಗೆ ಟೆಂಪೋ ನಮ್ಮ ಓಣಿಗೆ ಬಂತು. ಜಿಟಿಜಿಟಿ ಮಳೆ. ಪುಳಿಯೋಗರೆ ಡಬ್ಬಿ, ಸಾಬ್ರ ಟೀ ಫ್ಲಾಸ್ಕು, ಮೇಷ್ಟ್ರ ಟಿಪ್ಪಣಿ ಪುಸ್ತಕ, ಎಲ್ಲ ಹತ್ತಿದವು. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹತ್ತು ವರ್ಷಕ್ಕೊಮ್ಮೆ ಬರುವ ಆಸೆ, ಜನರ ಜೊತೆಗಾದರೂ ತೀರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕೊನೆಗೆ ಅಜ್ಜಿಯ ಮಗಳು ಬಂದಳು. ಅವಳ ಹಿಂದೆ ಕೈಯಲ್ಲಿ ಕೊಡೆ ಹಿಡಿದ ಇನ್ನೊಬ್ಬರು ಹಿರಿಯರು.

"ನಮ್ಮತ್ತೆ. ಅವರನ್ನ ಬಿಟ್ಟು ಹೆಂಗೆ ಬರ್ಲಿ?"

ಡ್ರೈವರ್ ತಲೆ ಎಣಿಸಿದ. ಇನ್ನೊಂದು ಸಲ ಎಣಿಸಿದ. "ಹದಿಮೂರು. ದಾರೀಲಿ ಚೆಕಿಂಗ್ ಇರುತ್ತೆ, ನಾನು ಗಾಡಿ ತೆಗೆಯಲ್ಲ. ಒಬ್ರು ಇಳೀರಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಹನ್ನೆರಡೂ ಮುಖ ನನ್ನ ಕಡೆ ತಿರುಗಿದವು.

ಬಾಯಿ ಬಿಟ್ಟು ಹೇಳಿದವರು ಮೇಷ್ಟ್ರು. "ನೋಡಯ್ಯ, ಇಲ್ಲಿ ಒಬ್ಬನೇ ಹೋಗ್ತೀನಿ ಅಂದೋನು ನೀನೊಬ್ಬನೇ. ನಾವು ಯಾರೂ ಹಂಗೆ ಅಂದಿಲ್ಲ."

ನ್ಯಾಯವಾದ ಮಾತು. ಇಳಿದೆ. ಹೆಂಡತಿಯೂ ಎದ್ದು ನಿಂತಳು, ನಿಜಕ್ಕೂ ಎದ್ದಳು, ನಾನೇ ಕೂರಿಸಿದೆ. ಅವಳೂ ಜೋಗ ನೋಡಿರಲಿಲ್ಲ. "ಸಾರು ಐತೆ, ಬಿಸಿ ಮಾಡ್ಕಳ್ರಿ" ಎಂದಳು, ದನಿ ಸ್ವಲ್ಪ ಸಣ್ಣದಾಗಿತ್ತು. ಟೆಂಪೋ ತಿರುವಿನಲ್ಲಿ ಮರೆಯಾಯಿತು.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಕಾಲು ಗಂಟೆ ಬೇಜಾರಾಯಿತು. ಆಮೇಲೆ ಗಮನಿಸಿದೆ. ಬಲಗಡೆ ಸಾಬ್ರ ಮನೆಯ ಬಾಗಿಲು ಮುಚ್ಚಿತ್ತು. ಎದುರಿನ ಮೇಷ್ಟ್ರ ಜಗಲಿ ಖಾಲಿ. ಅಜ್ಜಿಯ ಮನೆಗೆ ಬೀಗ. ನನ್ನ ಮನೆಯಲ್ಲಿ ನಾನೊಬ್ಬ. ನನ್ನನ್ನು ಏನಾದರೂ ಕೇಳಬಹುದಾದ ಪ್ರತಿಯೊಬ್ಬರೂ ಒಂದೇ ಗಾಡಿಯಲ್ಲಿ ಊರು ಬಿಟ್ಟಿದ್ದರು. ಜಗಲಿಯ ಮೇಲೆ ಕುರ್ಚಿ ಹಾಕಿ, ಕಾಲು ನೀಡಿ ಕೂತೆ. ಮಳೆ ಬಿಟ್ಟು ಬೇರೆ ಸದ್ದಿಲ್ಲ. ಇಷ್ಟು ಸುಖ ನನಗೆ ಯಾವ ರಜೆಯಲ್ಲೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಫೋನು. ಹೆಂಡತಿ.

"ರೀ, ಜೋಗದಾಗೆ ಇದೀವಿ. ನೀವು ಮಾತಾಡ್ಬ್ಯಾಡ್ರಿ, ಸುಮ್ನೆ ಕೇಳ್ರಿ."

ಫೋನನ್ನು ಅವಳು ಜಲಪಾತದ ಕಡೆ ಹಿಡಿದಿರಬೇಕು. ದೊಡ್ಡ ಸದ್ದು, ಹಿಂದೆ ಮುಂದೆ ಏನೂ ಇಲ್ಲದ ಬರೀ ನೀರಿನ ಸದ್ದು. ಯಾರ ಮಾತೂ ಇಲ್ಲ. ಒಂದು ನಿಮಿಷ ಆಯಿತು, ಎರಡಾಯಿತು, ಐದಾಯಿತು. ಕಣ್ಣು ಮುಚ್ಚಿಕೊಂಡು ಕೇಳಿದೆ. ನನಗಾಗಿ ಅಷ್ಟು ಹೊತ್ತು ಕೈ ಚಾಚಿ ನಿಂತಿದ್ದಾಳಲ್ಲ ಎಂದು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡೆ. ಕೊನೆಗೆ ಅವಳ ದನಿ ಬಂತು.

"ಕೇಳಿಸ್ತಾ?"

"ಕೇಳಿಸ್ತು ಕಣೆ. ಭಾಳ ಚಂದ ಕೇಳಿಸ್ತು. ನೋಡಾಕೆ ಹೆಂಗೈತೆ?"

"ಯಾರಿಗೆ ಗೊತ್ತು? ಬಂದಾಗಿಂದ ಮಂಜು ಮುಚ್ಕಂಡೈತೆ, ಎದುರಿಗಿರೋ ಕಂಬಿನೂ ಕಾಣ್ತಿಲ್ಲ. ನಾವೂ ಹನ್ನೆರಡು ಜನ ಮೂರು ತಾಸಿನಿಂದ ಬರೀ ಕೇಳ್ತಾನೇ ನಿಂತೀವಿ. ನೀವಾದ್ರೂ ಕುಂತು ಕೇಳ್ತಿದೀರ, ನಾವು ನೆನಕೊಂಡು ಕೇಳ್ತಿದೀವಿ."