ವಸ್ತ್ರದ ಕೆಳಗಿನ ದರ

ಲೇಖಕಿಯರ ಜೀವನವನ್ನು ಸಿನಿಮಾ ಮಾಡಲು ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಆಗಾಗ ಯಾರಾದರೂ ಬರುತ್ತಾರೆ. ಬಂದವರು ಮೊದಲು ಕೇಳುವುದು ಪುಸ್ತಕವನ್ನಲ್ಲ, ಕಿಟಕಿಯನ್ನು. ಈಚೆಗೆ ರಾಯಾಪುರದಲ್ಲಿ ನನ್ನ ಪಕ್ಕದ ಮನೆಯ ಅಕ್ಕಾವರ ಸರದಿ ಬಂತು. ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಲೇ ಕಾದಂಬರಿಗಳನ್ನೂ ಬರೆದವರು ಅವರು. ಎಲ್ಲವೂ ಹತ್ತಿ, ಮೆಣಸಿನಕಾಯಿ, ಹಮಾಲರು, ದಲಾಲರು, ಮತ್ತು ರೈತನ ಚೀಲದಿಂದ ತಕ್ಕಡಿಯ ಮೇಲೆಯೇ ಕರಗುವ ಕಿಲೋಗಳ ಬಗ್ಗೆ. ಪ್ರಶಸ್ತಿಗಳು ಬಂದವು. ಓದಿದವರೂ ಇದ್ದಾರೆಂದು ಕೇಳಿದ್ದೇನೆ.

ಕಿಟಕಿ

ನಿರ್ದೇಶಕರು ಬೆಂಗಳೂರಿನವರು, ವಿನಯವಂತರು. ಬಂದವರೇ ಅಕ್ಕಾವರ ಕಿಟಕಿ ತೆರೆಸಿದರು. ಹೊರಗೆ ಪಂಕ್ಚರ್ ಅಂಗಡಿ, ಅದರಾಚೆ ಲಾರಿಗಳು. ಅವರ ಮುಖ ಸಣ್ಣದಾಯಿತು. ಮಳೆ ಬಂದಾಗ ಏನು ಕಾಣುತ್ತದೆ ಎಂದು ಕೇಳಿದರು. ಒದ್ದೆಯಾದ ಪಂಕ್ಚರ್ ಅಂಗಡಿ ಕಾಣುತ್ತದೆ ಎಂದೆ.

ಕಿಟಕಿಯ ಬಳಿ ತಾವು ಒಂದು ಸಾಲನ್ನೂ ಬರೆದವರಲ್ಲ, ಬರೆದದ್ದೆಲ್ಲ ಅಂಗಡಿಯ ಊಟದ ಬಿಡುವಿನಲ್ಲಿ, ಗೋಡೆಗೆ ಮುಖ ಮಾಡಿ ಎಂದು ಅಕ್ಕಾವರು ತಿಳಿಸಿದರು. ಗೋಡೆಗೆ ಮುಖ ಮಾಡಿದರೆ ಕ್ಯಾಮೆರಾಕ್ಕೆ ಬೆನ್ನಾಗುತ್ತದೆ, ಅಳುವುದು ಕಾಣುವುದಿಲ್ಲ ಎಂದು ನಿರ್ದೇಶಕರು ನೊಂದುಕೊಂಡರು.

"ಅಳಕೋತ ಬರದ್ರ ಶಾಯಿ ಹರೀತೈತಲ್ರಿ," ಅಂದರು ಅಕ್ಕಾವರು.

ನಿರ್ದೇಶಕರು ತಟ್ಟನೆ ಸಹಾಯಕನ ಕಡೆ ತಿರುಗಿದರು. "ಬರ್ಕೊ. ಶಾಯಿ ಹರಿಯೋ ಕ್ಲೋಸಪ್."

ಗಂಡ

ಅಕ್ಕಾವರ ಯಜಮಾನರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಹೆಂಡತಿಯ ಹಸ್ತಪ್ರತಿಗಳನ್ನು ಸೈಕಲ್ ಮೇಲೆ ಪ್ರೆಸ್ಸಿಗೆ ಮುಟ್ಟಿಸಿದವರು. ಜೋಳದ ರೊಟ್ಟಿ ಬಡಿಯುವುದರಲ್ಲಿ ಅವರನ್ನು ಸರಿಗಟ್ಟುವವರು ನಮ್ಮ ಓಣಿಯಲ್ಲಿಲ್ಲ. ಅಂಥ ಗಂಡ ಸಿನಿಮಾಕ್ಕೆ ನಿರುಪಯೋಗಿ. ಆದ್ದರಿಂದ ಕಥೆಯಲ್ಲಿ ಅವರು ಹಸ್ತಪ್ರತಿ ಸುಡುತ್ತಾರೆ ಎಂದು ನಿರ್ದೇಶಕರು ತೀರ್ಮಾನಿಸಿ, ಬೇಸರ ಮಾಡಿಕೊಳ್ಳಬಾರದೆಂದು ಹೇಳಲು ಸ್ವತಃ ಬಂದರು.

ಮಾಸ್ತರರು ಬೇಸರ ಮಾಡಿಕೊಳ್ಳಲಿಲ್ಲ. ಅಡಿಗೆಮನೆಯ ಕಡೆ ನೋಡಿ ಕೇಳಿದರು: "ಅದನ್ನ ಎಲ್ಲಿ ಸುಡ್ಲಿರಿ? ನಮ್ಮ ಮನ್ಯಾಗ ಗ್ಯಾಸ್ ಐತಿ."

ಟ್ರೇಲರ್ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳು ಅವರ ನಮಸ್ಕಾರಕ್ಕೆ ಉತ್ತರ ಕೊಡುವುದನ್ನು ಬಿಟ್ಟರು. ಹಾಲು ಹಾಕುವಾಕೆಯಂತೂ, ಮಾಸ್ತರರು ರೊಟ್ಟಿ ಬಡಿಯುವುದನ್ನು ನೋಡಿ, ಅಕ್ಕಾವರಿಗೆ ಕೇಳುವಂತೆಯೇ ಅಂದಳು: "ಈಗ ಬಡದ್ರ ಸುಟ್ಟದ್ದು ತಿರುಗಿ ಬರ್ತೈತೇನ್ರಿ?"

ಕಾರಣ

ಹೆಂಗಸು ಸುಮ್ಮನೆ ಬರೆಯುವುದಿಲ್ಲ, ಹಿಂದೆ ಒಬ್ಬ ಗಂಡಸು ಇರಬೇಕು ಎಂಬುದು ಸಿನಿಮಾದವರ ಶಾಸ್ತ್ರ. ನಿರ್ದೇಶಕರು ದನಿ ತಗ್ಗಿಸಿ, ಬರೆಯಲು ಶುರು ಮಾಡಿದ್ದು ಯಾಕೆ ಎಂದು ಕೇಳಿದರು.

"ಸಿಟ್ಟು ಬಂದಿತ್ರಿ."

"ಯಾರ ಮೇಲೆ ಮೇಡಂ?"

"ತೂಕದ ಮ್ಯಾಲೆ."

ನಿಜ. ಅವರ ಮೊದಲ ಕಾದಂಬರಿಯಲ್ಲಿ, ತೂಗುವಾಗ ತಕ್ಕಡಿಯ ಕಲ್ಲಿನ ಕಡೆಗೆ ಮೊಣಕೈ ಊರುವ ಒಬ್ಬ ದಲಾಲ ಇದ್ದಾನೆ. ಅಂಗಡಿಯ ಸಾವಕಾರರು ಅದನ್ನು ಓದಿ, ಅದು ತಮ್ಮದೇ ಮೊಣಕೈ ಎಂದು ಗುರುತಿಸಿ, ಸುಳ್ಳೇ ಸುಳ್ಳು ಎಂದು ಪೇಟೆಯ ತುಂಬ ಹೇಳಿಕೊಂಡು ಬಂದರು. ಅಂದಿನಿಂದ ಅಕ್ಕಾವರ ಜೊತೆ ಮಾತು ಬಿಟ್ಟರು. ಕೆಲಸ ಬಿಡಿಸಲಿಲ್ಲ, ಅಷ್ಟು ಛಲೋ ಲೆಕ್ಕ ಬರೆಯುವವರು ಬೇರೆ ಸಿಗಲಿಲ್ಲ. ನಿವೃತ್ತಿಯವರೆಗೂ ಇಬ್ಬರೂ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಹಮಾಲನ ಮೂಲಕ ಮಾತಾಡಿದರು.

ನಿರ್ದೇಶಕರು ಆಕಳಿಸುತ್ತಿರುವುದನ್ನು ಕಂಡು ಅಕ್ಕಾವರು ತಮ್ಮ ಕಾದಂಬರಿಯ ಒಂದು ದೃಶ್ಯ ಹೇಳಿದರು. ಹಿಂದೆ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲಾಲನೂ ಕೈಗಳ ಮೇಲೆ ವಸ್ತ್ರ ಹಾಕಿ, ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕುದುರಿಸುತ್ತಿದ್ದರು. ಪಕ್ಕದವನಿಗೆ ತಿಳಿಯದು. ಎದುರಿಗೆ ನಿಂತ ರೈತನಿಗೆ, ಮಾಲು ಅವನದೇ ಆದ್ದರಿಂದ, ತಿಳಿಯಲೇಬಾರದು.

"ಉಳಿದದ್ದು ಏನರ ಮಾಡ್ಕೋರಿ," ಅಂದರು ಅಕ್ಕಾವರು. "ಇದೊಂದು ಇರ್ಲಿ. ನಾ ಬರದದ್ದೆಲ್ಲಾ ಇದರಾಗ ಐತಿ."

ನಿರ್ದೇಶಕರ ಕಣ್ಣು ತುಂಬಿ ಬಂತು. "ವಸ್ತ್ರದ ಕೆಳಗೆ ಕೈ ಕೈ ಹಿಡ್ಕೊಳ್ಳೋದು. ಇದೇ ನಮ್ಮ ಸಿನಿಮಾದ ಜೀವ, ಮೇಡಂ."

ಆ ಸಂಜೆ ಅಕ್ಕಾವರು ಖುಷಿಯಿಂದ ನನಗೆ ಚಹಾ ಕೊಟ್ಟರು. ಆ ಚಹಾ ಮಾಡಿದ್ದು, ಹಸ್ತಪ್ರತಿ ಸುಡುವ ಆ ಗಂಡ.

ಆಟ

ಗೋಕುಲ ರಸ್ತೆಯ ಕಡೆಯ ಒಂದು ಥೇಟರಿನಲ್ಲಿ ಮೊದಲ ಆಟಕ್ಕೆ ನಮ್ಮನ್ನು ಕರೆದರು. ಅಕ್ಕಾವರು ಇಳಕಲ್ ಸೀರೆ ಉಟ್ಟು ಬಂದರು. ಹಿಂದಿನ ಸಾಲಿನಲ್ಲಿ ಸಾವಕಾರರು ಕೂತಿದ್ದರು. ಈಗ ಅವರಿಗೆ ಕಿವಿ ಮಂದ, ಆದ್ದರಿಂದ ದನಿ ದೊಡ್ಡದು. ಸಿನಿಮಾದಲ್ಲಿ ತಮ್ಮ ಪಾತ್ರ ಬಂದರೆ ಎದ್ದು ಜಗಳ ತೆಗೆಯಬೇಕೆಂದೇ ಬಂದಿದ್ದರು.

ಮಧ್ಯಂತರದವರೆಗೆ ಅವರಿಗೆ ಅವಕಾಶ ಸಿಗಲಿಲ್ಲ. ಅಮರಗೋಳವೇ ಇರಲಿಲ್ಲ. ನಾಯಕಿ ಬಳ್ಳಿ ಹಬ್ಬಿದ ಕಿಟಕಿಯಲ್ಲಿ ಅತ್ತಳು, ಶಾಯಿ ಹರಿಯಿತು, ಗಂಡ ಹಸ್ತಪ್ರತಿಯನ್ನು ಒಲೆಗೆ ಹಾಕಿದ. "ಎಂಥಾ ನೀಚ ಅದಾನಲೇ," ಅಂದರು ಮಾಸ್ತರರು. ಅಕ್ಕಾವರು ಮಾತ್ರ ಪರದೆಯಿಂದ ಕಣ್ಣು ತೆಗೆಯದೆ ವಸ್ತ್ರಕ್ಕಾಗಿ ಕಾಯುತ್ತಿದ್ದರು.

ವಸ್ತ್ರ ಬಂತು. ಬೆಳದಿಂಗಳ ಮಾಳಿಗೆಯ ಮೇಲೆ ನಾಯಕಿ, ಪಕ್ಕದಲ್ಲಿ ಗಡ್ಡದ ಒಬ್ಬ ಕವಿ. ಅಕ್ಕಾವರು ಅವನನ್ನು ಮೊದಲ ಸಲ ನೋಡುತ್ತಿದ್ದರು. ಅವನು ಇಬ್ಬರ ಕೈಗಳ ಮೇಲೆ ತನ್ನ ಶಾಲು ಹೊದಿಸಿದ. ಪಿಟೀಲು ಶುರುವಾಯಿತು. ಥೇಟರು ನಿಟ್ಟುಸಿರಿಟ್ಟಿತು. ಅಕ್ಕಾವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಆ ಪಿಟೀಲಿನ ನಡುವೆ ಹಿಂದಿನಿಂದ ಸಾವಕಾರರ ದನಿ: "ಇಷ್ಟೊತ್ತು ಹಿಡದಾನಂದ್ರ ದರಾ ಕುದುರವಲ್ದು."

ಜನ ಶ್ ಅಂದರು. ಸಾವಕಾರರಿಗೆ ಕೇಳಲಿಲ್ಲ. ಪರದೆಯ ಮೇಲೆ ನಾಯಕಿ ಕವಿಯ ಹೆಗಲಿಗೆ ತಲೆ ಇಟ್ಟಳು.

"ಹೋತು," ಅಂದರು ಸಾವಕಾರರು. "ಅಗ್ಗದಾಗ ಹೋತು."

ಅಕ್ಕಾವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಅವರು ಪೂರ್ತಿ ಹಿಂದಕ್ಕೆ ತಿರುಗಿ, ನಡುವೆ ಯಾವ ಹಮಾಲನೂ ಇಲ್ಲದೆ, ಜೋರಾಗಿ ಹೇಳಿದರು: "ಸಾವಕಾರ್ರ, ಈ ಸಲ ತೂಕದಾಗ ಹೊಡದವರು ನೀವಲ್ಲ ಬಿಡ್ರಿ."

ಸಾವಕಾರರು ಮುಂದಕ್ಕೆ ಬಾಗಿ, ಅಕ್ಕಾವರ ಕುರ್ಚಿಯ ಮೇಲೆ ಅದೇ ಮೊಣಕೈ ಊರಿ, ಬಹಳ ನೊಂದ ದನಿಯಲ್ಲಿ ಅಂದರು:

"ಖರೇರಿ ಅಕ್ಕಾರ. ನಾ ಎಂದೂ ಇಷ್ಟು ಹೊಡದಿಲ್ಲ."